ಹಣಮೇಶನ ರೊಟ್ಟಿ ಉಬ್ಬುವವರೆಗೆ

ಗೋಗಿಯ ಆ ಓಣಿಯಲ್ಲಿ ಬೆಳಗಿನ ಐದೂವರೆಗೆ ಮನೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತದೆ. ಟಪ್ ಟಪ್ ಟಪ್ ಟಪ್ ಎಂದು ಒಂದೇ ಸಮ. ಹೆಣ್ಣುಮಕ್ಕಳ ಕಣ್ಣಲ್ಲಿ ಇನ್ನೂ ನಿದ್ದೆ ಇರಬಹುದು, ಕೈಯಲ್ಲಂತೂ ಇಲ್ಲ. ಒಂದು ಮನೆಯಿಂದ ಮಾತ್ರ ಟಪ್ ಟಪ್ ಎಂದು ಬಂದ ಸದ್ದು ನಡುವೆ ನಿಂತು, “ಥೂ ಇದರ” ಎಂಬ ಮಾತೊಂದು ಹೊರಗೆ ಬಿದ್ದು, ಮತ್ತೆ ಟಪ್ ಎಂದು ಶುರುವಾಗುತ್ತದೆ. ಅದು ಆಟೋ ಹಣಮೇಶನ ಮನೆ. ಮೊದಮೊದಲು ಓಣಿಯವರು ಗೋಡೆಗೆ ಕಿವಿ ಕೊಟ್ಟು ನಗುತ್ತಿದ್ದರು. ಹತ್ತು ತಿಂಗಳಾಯಿತು, ಈಗ ಅವರಿಗೂ ರೂಢಿಯಾಗಿದೆ.

ಒಳಗೆ ಒಲೆಯ ಮುಂದೆ ಲುಂಗಿಯನ್ನು ಮೊಣಕಾಲಿಗೆ ಎತ್ತಿಕಟ್ಟಿ ಕೂತಿದ್ದಾನೆ ಹಣಮೇಶ. ವಯಸ್ಸು ಮೂವತ್ತಾರು. ಆಟೋ ಹ್ಯಾಂಡಲ್ ಹಿಡಿದು ಹಿಡಿದು ಗಟ್ಟಿಯಾದ ಕೈ. ಅದರ ಕೆಳಗೆ ಜೋಳದ ಹಿಟ್ಟು ಪಾಪ ಏನು ಮಾಡೀತು, ಒಂದು ಕಡೆ ದಪ್ಪ, ಒಂದು ಕಡೆ ಹರಕು. ಎದುರಿಗೆ ಒಂಬತ್ತು ವರ್ಷದ ಮಗಳು ಅಂಜನಾ ಗಣಿತದ ಪುಸ್ತಕ ತೆರೆದಿಟ್ಟುಕೊಂಡು ಪುಸ್ತಕ ಬಿಟ್ಟು ಉಳಿದದ್ದನ್ನೆಲ್ಲ ನೋಡುತ್ತಿದ್ದಾಳೆ. ಮೂರು ಮಾರು ಆಚೆ, ಇವನಿಗೆ ಬೆನ್ನು ಮಾಡಿ, ತಲೆತುಂಬ ಸೆರಗು ಹೊದ್ದು, ಮನೆಯ ನಡುಗಂಬದ ಕಡೆ ಮುಖ ಮಾಡಿ ಕೂತವಳು ಅತ್ತೆ ಲಾಲಮ್ಮ. ಹಳೆಯ ಕಾಲದ ಹೆಣ್ಣುಮಗಳು. ಅಳಿಯನ ಎದುರು ಅತ್ತೆಯಾದವಳು ಮುಖ ಕೊಟ್ಟು ಮಾತಾಡಬಾರದು ಎಂಬುದು ಅವಳು ಕಲಿತ ಮರ್ಯಾದೆ. ಮಾತಾಡಬಾರದು ಅಂತಷ್ಟೇ, ಸುಮ್ಮನಿರಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲ.

“ಅಂಜೂ, ನಿಮ್ಮಪ್ಪಗ ಹೇಳು, ರೊಟ್ಟಿ ಹೊತ್ತಾಕತ್ತೈತಿ.”

“ಅಪ್ಪಾ, ರೊಟ್ಟಿ ಹೊತ್ತಾಕತ್ತೈತೆಂತ.”

“ನನಗೂ ಮೂಗು ಐತಿ ಅಂತ ಹೇಳು ಯವ್ವಾ ಆಯಿಗೆ.”

“ಆಯೀ, ಅಪ್ಪಗೂ ಮೂಗು ಐತೆಂತ.”

“ಮೂಗಿದ್ರ ಯಾಕ ಹೊತ್ತಸ್ತಾನಂತ ಕೇಳು.”

ಅಂಜನಾ ಮನೆಯಲ್ಲಿ ಇಲ್ಲದ ಹೊತ್ತಿನಲ್ಲಿ ಲಾಲಮ್ಮ ಇದೇ ಮಾತನ್ನು ಕಂಬಕ್ಕೆ ಹೇಳುತ್ತಾಳೆ. ಹಣಮೇಶನೂ ಕಂಬಕ್ಕೇ ಉತ್ತರ ಕೊಡುತ್ತಾನೆ. ಈ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತು ಕೇಳಿಸಿಕೊಂಡದ್ದು ಆ ಕಂಬ.

ಲೆಕ್ಕ ಹೇಳುವುದಾದರೆ ದಿನಕ್ಕೆ ಹದಿನಾಲ್ಕು ರೊಟ್ಟಿ. ಏಳೂವರೆಗೆ ಆಟೋ ಹೊರಡುತ್ತದೆ. ಗೋಗಿಯಿಂದ ಶಹಾಪುರಕ್ಕೆ, ಶಹಾಪುರದಿಂದ ಗೋಗಿಗೆ, ದಿನಕ್ಕೆ ಆರು ಸಲ. ಡೀಸೆಲ್ಲು, ಬ್ಯಾಂಕಿನ ಕಂತು ಎಲ್ಲ ಕಳೆದರೆ ಕೈಗೆ ನಾಲ್ಕು ನೂರು ಉಳಿದರೆ ಅದು ಹಬ್ಬ. ಸರ್ಕಾರಿ ಬಸ್ಸು ಹೆಣ್ಣುಮಕ್ಕಳಿಗೆ ಪುಕ್ಕಟೆ ಆದ ಮೇಲೆ ಈ ದಾರಿಯ ಆಟೋಗಳಲ್ಲಿ ಗಂಡಸರು, ಗೊಬ್ಬರದ ಚೀಲ ಮತ್ತು ಆಡು ಮಾತ್ರ ಉಳಿದಿವೆ. ಹಣಮೇಶನ ಆಟೋದಲ್ಲಿ ಮಾತ್ರ ಹೆಣ್ಣುಮಕ್ಕಳು ಇನ್ನೂ ದುಡ್ಡು ಕೊಟ್ಟು ಕೂಡುತ್ತಾರೆ. ಕಾರಣ, ಡ್ರೈವರ್ ಸೀಟಿನ ಕೆಳಗಿರುವ ಒಂದು ಬಿಸ್ಕೀಟಿನ ತಗಡಿನ ಡಬ್ಬಿ.

ಅದರೊಳಗೆ ಏನೇನಿದೆ ಎಂದು ಕೇಳಿದರೆ ಅವನು ಒಂದೊಂದಾಗಿ ತೆಗೆದು ತೋರಿಸುತ್ತಾನೆ. ವಿಧವಾ ವೇತನದ ಅರ್ಜಿ, ರೇಷನ್ ಕಾರ್ಡಿನಿಂದ ಹೆಸರು ತೆಗೆಯುವ ಅರ್ಜಿ, ಹೆಸರು ಸೇರಿಸುವ ಅರ್ಜಿ, ತಾಯಿಯೋ ತಂದೆಯೋ ಇಲ್ಲದ ಮಕ್ಕಳಿಗೆ ತಿಂಗಳಾ ಸಿಗುವ ನೆರವಿನ ಅರ್ಜಿ, ಅಂಟು, ಹೆಬ್ಬೆಟ್ಟು ಒತ್ತುವ ಮಸಿಯ ಡಬ್ಬಿ, ದಾರ ಕಟ್ಟಿದ ಎರಡು ಪೆನ್ನು. ದಾರ ಏಕೆಂದರೆ ಪೆನ್ನು ಇಸಕೊಂಡವರು ಅಳುತ್ತಾ ಅದನ್ನು ಒಯ್ದುಬಿಡುತ್ತಾರೆ. ಗಂಡ ಸತ್ತವರು, ಹೆಂಡತಿ ಸತ್ತವರು, ಬಿಟ್ಟುಹೋದವರ ಹಿಂದೆ ಮಕ್ಕಳೊಂದಿಗೆ ಉಳಿದವರು, ಹೀಗೆ ಇಲ್ಲಿಯವರೆಗೆ ಇಪ್ಪತ್ಮೂರು ಮಂದಿಯ ಕಾಗದ ಈ ಆಟೋದಲ್ಲೇ ತಯಾರಾಗಿದೆ. ಅವನು ತಗೊಳ್ಳುವುದು ಸೀಟಿನ ದುಡ್ಡು ಮಾತ್ರ. ಕೆಲವರ ಹತ್ತಿರ ಅದೂ ಇರುವುದಿಲ್ಲ.

“ನಾ ಎಲ್ಲರಿಗೂ ಒಂದ ಮಾತು ಹೇಳ್ತೀನ್ರಿ,” ಎನ್ನುತ್ತಾನೆ ಹಣಮೇಶ. “ಅಳೂದು ಆಮ್ಯಾಲ ಅಳ್ರಿ, ಮೊದಲ ಝೆರಾಕ್ಸ್ ಮಾಡಸ್ರಿ. ಝೆರಾಕ್ಸ್ ಅಂಗಡಿ ಮಧ್ಯಾಹ್ನ ಒಂದಕ್ಕ ಮುಚ್ತೈತಿ, ಅಳು ಎಲ್ಲೂ ಹೋಗಂಗಿಲ್ಲ.”

ಪೇಪರಿಗೆ ಬರೆಯಲೆಂದು ನಾವು ಹೋದ ದಿನ ಆಟೋದಲ್ಲಿದ್ದ ಮಲ್ಲೇಶ್ವರಿ ಇದಕ್ಕೆ ತಲೆಯಾಡಿಸುತ್ತಾಳೆ. ಅವಳ ಗಂಡ ಎರಡು ಮಕ್ಕಳನ್ನು ಬಿಟ್ಟು ಮೂರು ವರ್ಷದ ಹಿಂದೆ ಎತ್ತಲೋ ಹೋಗಿದ್ದಾನೆ. “ಗಂಡ ಅದಾನೋ, ಸತ್ತಾನೋ ಅಂತ ಕೇಳ್ತಾರ್ರಿ. ಅದಾನ, ಎಲ್ಲಿ ಅದಾನೋ ಗೊತ್ತಿಲ್ಲ ಅಂದ್ರ, ಅಂಥಾ ಕಾಲಮ್ಮಿಲ್ಲ ಅಂತಾರ. ಸತ್ತಾನಂತ ಬರೀಲೇನು ಅಂತ ಕೇಳಿದ್ರ ಬೈದ್ರು. ಹಣಮೇಶಣ್ಣ ಆ ಕಾಲಮ್ಮು ಬ್ಯಾರೆ ಅರ್ಜ್ಯಾಗ ಐತಿ ಅಂತ ಹುಡುಕಿ ಕೊಟ್ಟ. ಬಸ್ಸು ಪುಕ್ಕಟಿ ಖರೇ, ಆದ್ರ ಕಂಡಕ್ಟರ್ ಅರ್ಜಿ ತುಂಬಿ ಕೊಡ್ತಾನೇನ್ರಿ?”

ಇಷ್ಟೆಲ್ಲ ಇವನಿಗೆ ಎಲ್ಲಿಂದ ಬಂತು ಎಂದರೆ, ಯಾರೂ ಹೇಳಿಕೊಡಲಿಲ್ಲ. ತಲೆ ಗೋಡೆಗೆ ಬಡಿದು ಬಡಿದು ಬಂತು.

ಕಳೆದ ಶ್ರಾವಣದಲ್ಲಿ ಹೆಂಡತಿ ಕಸ್ತೂರಿಗೆ ಜ್ವರ ಬಂತು. ಎಂಟು ದಿನ ಎಂದರೆ ಎಂಟೇ ದಿನ. ಒಂಬತ್ತನೆಯ ದಿನ ಮನೆಯಲ್ಲಿ ಅಪ್ಪ ಮತ್ತು ಮಗಳು ಇಬ್ಬರೇ. ಅದರ ಬಗ್ಗೆ ಹಣಮೇಶ ಹೆಚ್ಚು ಮಾತಾಡುವುದಿಲ್ಲ. “ಆಕಿ ಇದ್ದಾಗ ಹಿಟ್ಟಿನ ಡಬ್ಬಿ ಎಲ್ಲಿರ್ತೈತಿ ಅಂತ ಸೈತ ನನಗ ಗೊತ್ತಿದ್ದಿಲ್ರಿ. ಹೋದ ಮ್ಯಾಲ ಗೊತ್ತಾತು, ಹಿಟ್ಟಷ್ಟ ಅಲ್ಲ, ಮನ್ಯಾನ ರೊಕ್ಕ ಎಲ್ಲಿರ್ತೈತಿ ಅನ್ನೂದೂ ಗೊತ್ತಿಲ್ಲ ಅಂತ.”

ರೊಕ್ಕ ಎಲ್ಲಿದೆ ಎಂಬುದು ಗೊತ್ತಾದದ್ದು ಅವಳು ಹೋದ ಐದನೆಯ ದಿನ. ತೊಗರಿಬೇಳೆ ಡಬ್ಬಿಯಿಂದ ಎರಡು ಹಿಡಿ ಕುಕ್ಕರಿಗೆ ಸುರಿದು ನಾಲ್ಕು ಸೀಟಿ ಕೂಗಿಸಿದ. ಮುಚ್ಚಳ ತೆಗೆದರೆ ಬೇಳೆಯ ಮೇಲೆ ಐನೂರರ ನೋಟೊಂದು ಮೆತ್ತಗೆ ಬೆಂದು ಕೂತಿದೆ. ಹಣಮೇಶ ಕಕ್ಕಾಬಿಕ್ಕಿ. ಮಗಳು ಮಾತ್ರ ಸಮಾಧಾನದಿಂದ ವಿವರಿಸಿದಳು. ತೊಗರಿ ಡಬ್ಬಿಯದು ಶಾಲೆಯ ರೊಕ್ಕ, ಸಾಸಿವೆ ಡಬ್ಬಿಯದು ಸಂಘದ ಕಂತು, ಅಜವಾನದ್ದು ದವಾಖಾನೆಗೆ, ಮೆಂತ್ಯದ್ದು ಅಪ್ಪನಿಗೆ ಗೊತ್ತಾಗಬಾರದ ರೊಕ್ಕ. ನೋಟನ್ನು ಹಗ್ಗಕ್ಕೆ ಹಾಕಿ ಒಣಗಿಸಿದರು. ಅದು ನಡೆಯಿತು ಕೂಡ, ಆದರೆ ಪೆಟ್ರೋಲ್ ಬಂಕಿನವನು ಅದನ್ನು ಮೂಸಿ ನೋಡಿ ಇವನ ಮುಖವನ್ನೊಮ್ಮೆ ನೋಡಿದ. ಅವತ್ತಿನಿಂದ ಮನೆಯ ಹಣಕಾಸು ಮಗಳ ಕೈಯಲ್ಲಿದೆ. ಅವಳು ಡಬ್ಬಿಗಳನ್ನು ಬದಲಿಸಿಲ್ಲ. ಮೆಂತ್ಯದ ಡಬ್ಬಿಯನ್ನು ಅಪ್ಪನಿಗೆ ಮುಟ್ಟಗೊಡುವುದೂ ಇಲ್ಲ.

ಬೆಂದ ನೋಟು ಹಗ್ಗದ ಮೇಲೆ ಒಣಗುತ್ತಿರುವಾಗಲೇ ಕಡೇಚೂರಿನಿಂದ ಮಗಳ ದಿನಕ್ಕೆ ಬಂದಿಳಿದಳು ಲಾಲಮ್ಮ. ನೋಟು ನೋಡಿದಳು, ಸುಟ್ಟ ರೊಟ್ಟಿ ನೋಡಿದಳು, ಮೊಮ್ಮಗಳ ಹರಕು ಅಂಗಿ ನೋಡಿದಳು. ದಿನಕಾರ್ಯ ಮುಗಿದ ರಾತ್ರಿ ಕಂಬದ ಕಡೆ ತಿರುಗಿ ಕೂತು ತನ್ನ ಮಾತು ಹೊರಡಿಸಿದಳು. ಅವಳ ಮಗ ಕಡೇಚೂರಿನ ಹತ್ತಿರದ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಅವನಿಗೆ ತಿಂಗಳಾ ತಾರೀಖಿಗೆ ಸರಿಯಾಗಿ ಪಗಾರ. ಲಾಲಮ್ಮನ ಪ್ರಕಾರ ತಾರೀಖಿಗೆ ಬರುವುದು ಮಾತ್ರ ರೊಕ್ಕ. ಆಟೋದಲ್ಲಿ ಬಂದು ಆಟೋದಲ್ಲೇ ಹೋಗುವುದಕ್ಕೆ ಆ ಹೆಸರಿಲ್ಲ.

“ಅಂಜೂ, ನಿಮ್ಮಪ್ಪಗ ಹೇಳು. ಉಗಾದಿ ಮಟ ನೋಡ್ತೀನಿ. ಅಷ್ಟರೊಳಗ ನಿನ್ನ ಹೆಸರಿಗೆ ತಿಂಗಳಾ ರೊಕ್ಕ ಬರೂಹಂಗ ಮಾಡ್ಲಿ, ಉಬ್ಬಿದ ರೊಟ್ಟಿ ಹಾಕ್ಲಿ. ಇಲ್ಲಂದ್ರ ನಿನ್ನ ಕಡೇಚೂರಿಗೆ ಕರ್ಕೊಂಡು ಹೊಕ್ಕೀನಿ.”

ಅಂಜನಾ ತನ್ನ ಹಣೆಬರಹವನ್ನು ತಾನೇ ಅಪ್ಪನಿಗೆ ಮುಟ್ಟಿಸಿದಳು. “ಅಪ್ಪಾ, ಉಗಾದಿ ಮಟ ಟೈಮಂತ. ಆಮ್ಯಾಲ ನನ್ನ ಒಯ್ತಾಳಂತ.”

ಹಣಮೇಶನಿಗೆ ಅತ್ತೆಯ ಮೇಲೆ ಸಿಟ್ಟು ಬಂತು. ಆದರೆ ಸಿಟ್ಟು ಮಾಡಲು ಮುಖ ಬೇಕಲ್ಲ, ಅವಳದು ಬೆನ್ನು ಮಾತ್ರ ಕಾಣುತ್ತದೆ. “ಆತು ಅಂತ ಹೇಳು ಯವ್ವಾ,” ಎಂದ. ಮರುದಿನವೇ ಶಹಾಪುರದ ಚಾಂದಪಾಶಾನ ಝೆರಾಕ್ಸ್ ಅಂಗಡಿಯಲ್ಲಿ ಕೂತು, ತಾಯಿ ಇಲ್ಲದ ಮಗುವಿಗೆ ಸಿಗುವ ತಿಂಗಳ ನೆರವಿಗೆ ಅರ್ಜಿ ಹಾಕಲು ಓಡಾಟ ಶುರು ಮಾಡಿದ. ಅತ್ತೆ ಕಾವಲಿಗೆಂದು ಮನೆಯಲ್ಲೇ ಉಳಿದಳು.

ಅರ್ಜಿಗೆ ಹುಟ್ಟಿದ ಪ್ರಮಾಣಪತ್ರ ಬೇಕು. ಹುಡುಕಿ ತೆಗೆದರೆ ಅದರಲ್ಲಿ ಮಗಳ ಹೆಸರು ದುರಗಮ್ಮ.

ಇದು ತಪ್ಪಲ್ಲ, ನಮ್ಮ ಕಡೆಯ ಪದ್ಧತಿ. ಹಣಮೇಶನ ತಾಯಿ ದುರಗಮ್ಮ ತೀರಿಕೊಂಡ ಮರುವರ್ಷ ಮನೆಯಲ್ಲಿ ಹೆಣ್ಣು ಹುಟ್ಟಿತು. ಅವ್ವನೇ ಬಂದಳೆಂದು ಹಣಮೇಶ ದವಾಖಾನೆಯಲ್ಲಿ ಅವ್ವನ ಹೆಸರನ್ನೇ ಬರೆಸಿದ. ಆದರೆ ಸೊಸೆಯಾದವಳು ಅತ್ತೆಯ ಹೆಸರು ಹಿಡಿದು ಕರೆಯುವುದುಂಟೇ? ಅತ್ತೆ ಸತ್ತರೂ ಹೆಸರು ಸತ್ತಿಲ್ಲವಲ್ಲ. ಕಸ್ತೂರಿ ಅಂಜನಾ ಎಂದು ಕರೆದಳು, ಶಾಲೆಗೆ ತಾನೇ ಹೋಗಿ ಅಂಜನಾ ಎಂದೇ ಸೇರಿಸಿ ಬಂದಳು. ಇನ್ನು ಹಣಮೇಶ, ಅವನಿಗೂ ಬಾಯಿ ಬರಲಿಲ್ಲ. “ಅವ್ವನ ಹೆಸರು ಹಿಡಿದು, ಏ ದುರಗಮ್ಮ, ಮೂಗು ಒರಸ್ಕೋ ಅನ್ನಾಕ ಆಗ್ತೈತೇನ್ರಿ?” ಎಂದು ಕೇಳುತ್ತಾನೆ. ಅದಕ್ಕೆ ಅವನು ಯವ್ವಾ ಎಂದು ಕರೆಯುವುದು. ಹೀಗೆ ಒಂಬತ್ತು ವರ್ಷ ಆ ಮಗುವನ್ನು ಯಾರೂ ಒಂದು ದಿನವೂ ದುರಗಮ್ಮ ಎಂದು ಕರೆದಿಲ್ಲ. ಸ್ವತಃ ಆ ಮಗುವಿಗೇ ತನ್ನ ಹೆಸರು ಗೊತ್ತಿರಲಿಲ್ಲ.

ಲಾಲಮ್ಮನಂತೂ ಆ ಹೆಸರನ್ನು ಬಾಯಲ್ಲಿ ಹಿಡಿಯುವ ಪ್ರಶ್ನೆಯೇ ಇಲ್ಲ. ಮಗಳ ಮದುವೆಯ ಊಟದಲ್ಲಿ ಹೋಳಿಗೆಗೆ ತುಪ್ಪ ಬಡಿಸುತ್ತಾ ಬಂದ ಬೀಗತಿ ದುರಗಮ್ಮ, ಸರಿಯಾಗಿ ಲಾಲಮ್ಮನ ಎಲೆಯ ಮುಂದೆ ಬಂದಾಗ ಮಿಳ್ಳೆ ಖಾಲಿಯಾಯಿತೆಂದು ತಿರುಗಿ ಹೋದಳು. ಮತ್ತೆ ಬರಲಿಲ್ಲ. ಹನ್ನೆರಡು ವರ್ಷವಾಯಿತು. ಆ ಬೀಗತಿ ಸತ್ತೇ ಹತ್ತು ವರ್ಷವಾಯಿತು. ಲಾಲಮ್ಮ ಇನ್ನೂ “ಆ ತುಪ್ಪದಾಕಿ” ಎಂದೇ ಅನ್ನುತ್ತಾಳೆ.

ಅರ್ಜಿ ಹೋಯಿತು. ಸಂಕ್ರಾಂತಿ ಮುಗಿದ ವಾರ, ಯಾದಗಿರಿಯ ಒಂದು ಕಚೇರಿಯಿಂದ ಪ್ರವೀಣಕುಮಾರ ಎಂಬ ಹುಡುಗುಪ್ರಾಯದ ಗುಮಾಸ್ತ ವಿಚಾರಣೆಗೆ ಬಂದ. ಕಚೇರಿಯ ಹೆಸರು ಬೇಡ, ಅವರಿಗೂ ಹೆಂಡತಿ ಮಕ್ಕಳಿದ್ದಾರೆ. ಮನೆಗೆ ಬೀಗ, ಹಣಮೇಶ ಆಟೋ ಮೇಲೆ, ಅಂಜನಾ ಶಾಲೆಯಲ್ಲಿ, ಲಾಲಮ್ಮ ಹಿಟ್ಟಿನ ಗಿರಣಿಯಲ್ಲಿ. ಎದುರಿನ ಕಟ್ಟೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಿದ್ದ ಪರಮಣ್ಣ ಮುತ್ಯಾ ಸಿಕ್ಕ. ಊರಿನ ಎಲ್ಲ ವಿಚಾರಣೆಗೂ ಸಿಗುವವನು ಅವನೊಬ್ಬನೇ.

“ಮುತ್ಯಾ, ಹಣಮೇಶನ ಮನಿ ದುರಗಮ್ಮ ಹೆಂಗದಾಳ?”

“ತೀರ್ಕೊಂಡಾಳಲ್ಲೋ ತಮ್ಮಾ,” ಎಂದ ಪರಮಣ್ಣ ನಿಟ್ಟುಸಿರು ಬಿಟ್ಟು. “ಎಳ್ಳಮಾಸಿ ಮರುದಿನ. ಭಾಳ ಚಲೋ ಜೀವ. ಆಕಿ ಕೈಯಾನ ಪುಂಡಿಪಲ್ಯ ಉಂಡಾವ ಬೆರಳು ಚೀಪ್ತಿದ್ದ.”

ಯಾವ ವರ್ಷದ ಎಳ್ಳಮಾಸಿ ಎಂದು ಇವನು ಕೇಳಲಿಲ್ಲ, ಅವನು ಹೇಳಲಿಲ್ಲ. ಎಳ್ಳಮಾವಾಸ್ಯೆ ಮುಗಿದು ನಾಲ್ಕು ವಾರವೂ ಆಗಿರಲಿಲ್ಲ. ತಾಯಿ ಇಲ್ಲದ ಕೂಸು, ಒಂಬತ್ತು ವರ್ಷಕ್ಕೇ ಪಲ್ಯ ಮಾಡಿ ಊರಿಗೆಲ್ಲ ಉಣಿಸಿ ಹೋಯಿತಲ್ಲ ಎಂದು ಪ್ರವೀಣಕುಮಾರನಿಗೆ ಕಣ್ಣಲ್ಲಿ ನೀರು ಬಂತಂತೆ. ಅಲ್ಲೇ ಬೈಕಿನ ಸೀಟಿನ ಮೇಲೆ ಕಾಗದ ಇಟ್ಟು ಬರೆದ: ಸದರಿ ಬಾಲಕಿ ಮೃತಪಟ್ಟಿರುವುದಾಗಿ ಸ್ಥಳೀಯರಿಂದ ತಿಳಿದುಬಂದಿರುತ್ತದೆ.

ಈ ಸುದ್ದಿ ಹಣಮೇಶನಿಗೆ ಗೊತ್ತಾದದ್ದು ಚಾಂದಪಾಶಾನ ಅಂಗಡಿಯಲ್ಲಿ. ಅರ್ಜಿ ಎಲ್ಲಿಗೆ ಬಂತು ನೋಡು ಎಂದರೆ, ಚಾಂದಪಾಶಾ ಕಂಪ್ಯೂಟರ್ ನೋಡಿದ, ಇವನನ್ನು ನೋಡಿದ, ಎದ್ದು ಫ್ಯಾನು ಜೋರು ಮಾಡಿದ.

“ಹಣಮೇಶಭಾಯ್, ಮೊದಲ ಚಾ ಕುಡಿ.”

“ಚಾ ಆಮ್ಯಾಲ. ಏನಂತ ಬಂದೈತಿ ಹೇಳು.”

“ಅಂಜನಾ ಬೇಟಿ ಆರಾಮ ಅದಾಳಲ್ಲ?”

“ಈಗ ಅರ್ಧಾ ತಾಸಿನ ಹಿಂದ ಸಾಲಿಗೆ ಬಿಟ್ಟು ಬಂದೀನಿ. ಪೆನ್ಸಿಲ್ ಬೇಕಂತ ಜಗಳಾ ಮಾಡಿದ್ಲು.”

“ಹಂಗಾರ,” ಎಂದ ಚಾಂದಪಾಶಾ ಹಣೆ ಒರಸಿಕೊಂಡು, “ಕಂಪ್ಯೂಟರ್ ಸುಳ್ಳು ಹೇಳಾಕತ್ತೈತಿ.”

ಹಣಮೇಶ ಸೀದಾ ಶಾಲೆಗೆ ಆಟೋ ತಿರುಗಿಸಿದ. ಮಗಳನ್ನು ಕಿಟಕಿಯಿಂದ ಕಣ್ಣಾರೆ ನೋಡಿದ ಮೇಲೆಯೇ ತಿರುಗಿ ಆಟೋ ಹತ್ತಿದೆ ಎಂದು ಈಗ ನಗುತ್ತಾ ಹೇಳುತ್ತಾನೆ. ಅವತ್ತು ನಗು ಬರಲಿಲ್ಲ. ಮರುದಿನ ಮಗಳನ್ನೇ ಕರೆದುಕೊಂಡು ಯಾದಗಿರಿಗೆ ಹೋಗಿ, ಕಚೇರಿಯ ಕಿಟಕಿಯ ಮುಂದೆ ಎತ್ತಿ ಹಿಡಿದು, “ನೋಡ್ಕೊಳ್ರಿ” ಎಂದ. ಒಳಗಿದ್ದವರು ಒಳ್ಳೆಯವರೇ. ಮಗುವಿಗೆ ಬಿಸ್ಕೀಟು ಕೊಟ್ಟರು, ಯಾವ ಕ್ಲಾಸು ಎಂದು ಕೇಳಿದರು. ಆಮೇಲೆ, ಕೂಸು ಬಂದು ನಿಂತರೆ ಆಗುವುದಿಲ್ಲ, ಫೈಲಿನಲ್ಲಿ ಹೋಗಿರುವುದು ಫೈಲಿನಲ್ಲೇ ಬರಬೇಕು ಎಂದರು. ಬರುವಾಗ ದಾರಿಯುದ್ದಕ್ಕೂ ಬಿಸ್ಕೀಟು ತಿನ್ನುತ್ತಾ ವಿಚಾರ ಮಾಡಿದ ಅಂಜನಾ ಕೊನೆಗೆ ಕೇಳಿದಳು. “ಅಪ್ಪಾ, ನಾ ಸತ್ತೀನಿ ಅಂದ್ಮ್ಯಾಲ ನಾಳಿ ಗಣಿತ ಪರೀಕ್ಷಿ ಬರೀಬೇಕಾ?”

ಬರೆಯಬೇಕು ಎಂದ ಅಪ್ಪ. ಅಲ್ಲಿಂದ ಹದಿನೇಳು ಸಲ ಯಾದಗಿರಿ. ಒಂದೊಂದು ಸಲಕ್ಕೂ ಎರಡು ಮೂರು ಟ್ರಿಪ್ಪು ಖೋತಾ. ಖಾಲಿ ಆಟೋ ಯಾಕೆ ಒಯ್ಯಬೇಕೆಂದು ಅದೇ ಕಚೇರಿಗಳಿಗೆ ಹೋಗುವವರನ್ನು ಹತ್ತಿಸಿಕೊಳ್ಳತೊಡಗಿದ. ಅವರ ಕಾಗದ ನೋಡಿ ಇವನು ಕಲಿತ, ಇವನ ಪಾಡು ನೋಡಿ ಅವರು ಕಲಿತರು. ಬಿಸ್ಕೀಟಿನ ಡಬ್ಬಿ ಹುಟ್ಟಿದ್ದು ಹಾಗೆ. ಇವತ್ತಿಗೂ ಯಾರಾದರೂ ಹತ್ತಿದರೆ ಅವನ ಮೊದಲ ಪ್ರಶ್ನೆ, “ಕೂಸಿಗೆ ಎಷ್ಟು ಹೆಸರು ಅದಾವು?”

ಇತ್ತ ಉಗಾದಿಗೆ ಒಂಬತ್ತೇ ದಿನ ಉಳಿದಿತ್ತು. ರೊಟ್ಟಿ ಉಬ್ಬುತ್ತಿರಲಿಲ್ಲ. ತಿಂಗಳಾ ರೊಕ್ಕದ ಸುದ್ದಿಯೇ ಇಲ್ಲ. ಲಾಲಮ್ಮ ಅಂಜನಾಳ ಎರಡು ಅಂಗಿ, ಒಂದು ಲಂಗ, ಬಾಚಣಿಗೆ ಎಲ್ಲ ಕೂಡಿಸಿ ಗಂಟು ಕಟ್ಟಿ ಕಂಬದ ಬುಡಕ್ಕೆ ಇಟ್ಟಿದ್ದಳು. ಹಣಮೇಶ ಆ ಗಂಟನ್ನು ದಾಟಿಯೇ ಒಳಗೆ ಬರಬೇಕಿತ್ತು, ದಾಟಿಯೇ ಹೊರಗೆ ಹೋಗಬೇಕಿತ್ತು.

ಅಂಥ ದಿನ ಮರುವಿಚಾರಣೆಗೆಂದು ಪ್ರವೀಣಕುಮಾರನೇ ಬಂದ. ಈ ಸಲ ಪರಮಣ್ಣನ ಕಟ್ಟೆಯ ಕಡೆ ತಿರುಗಿಯೂ ನೋಡಲಿಲ್ಲ. ಸೀದಾ ಒಳಗೆ ಬಂದು ಚಾಪೆಯ ಮೇಲೆ ಕೂತ. ಅಂಜನಾಳನ್ನು ನೋಡಿದ ಕೂಡಲೇ ಅವನ ಮುಖ ಅರಳಿತು. “ಯವ್ವಾ, ನಿನ್ನ ಸಲುವಾಗಿ ಎರಡು ದಿನ ಊಟ ಬಿಟ್ಟಿದ್ನಲ್ಲ ನಾನು,” ಎಂದ. ಆಮೇಲೆ ಕಾಗದ ತೆಗೆದ. ದುರಗಮ್ಮ ಮತ್ತು ಅಂಜನಾ ಒಬ್ಬಳೇ, ಬದುಕಿದ್ದಾಳೆ, ತಂದೆಯ ಹತ್ತಿರವೇ ಇದ್ದಾಳೆ ಎಂದು ತಾಯಿಯ ಕಡೆಯ ಹಿರಿಯರೊಬ್ಬರು ಹೇಳಿ ಹೆಬ್ಬೆಟ್ಟು ಹಾಕಬೇಕು. ಅಪ್ಪ ಹೇಳಿದರೆ ನಡೆಯುವುದಿಲ್ಲ.

ತಾಯಿಯ ಕಡೆಯ ಹಿರಿಯರು ಎಂದರೆ ಕಂಬದ ಕಡೆ ಮುಖ ಮಾಡಿ ಕೂತ ಆ ಒಬ್ಬಳೇ.

ಲಾಲಮ್ಮ ಹೂಂ ಅಂದರೆ ಮೊಮ್ಮಗಳು ಇಲ್ಲೇ ಉಳಿಯುತ್ತಾಳೆ. ಉಹೂಂ ಅನ್ನುವುದೂ ಬೇಡ, ನನಗೇನೂ ಗೊತ್ತಿಲ್ಲ ಎಂದರೆ ಸಾಕು, ಒಂಬತ್ತು ದಿನಕ್ಕೆ ಗಂಟು ಕಡೇಚೂರಿಗೆ ಹೋಗುತ್ತದೆ. ಮಗಳನ್ನು ಕಳಕೊಂಡ ಹೆಂಗಸು; ಮಗಳ ಮಗಳಾದರೂ ಕಣ್ಣ ಮುಂದೆ ಇರಲಿ ಅನ್ನಿಸುವುದು ತಪ್ಪೇ? ಹಣಮೇಶ ಏನೂ ಕೇಳಲಿಲ್ಲ. ಕಂಬಕ್ಕೂ ಕೇಳಲಿಲ್ಲ. ಬಾಗಿಲ ಹತ್ತಿರ ನಿಂತು ಕೈಗಂಟಿದ್ದ ಹಿಟ್ಟನ್ನು ತಿಕ್ಕಿ ತಿಕ್ಕಿ ತೆಗೆಯುತ್ತಿದ್ದ.

ಲಾಲಮ್ಮ ಸೆರಗು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.

“ನಾ ಕಂಬಕ್ಕ ಹೇಳ್ತೀನಿ. ನೀ ಬೇಕಂದ್ರ ಬರ್ಕೋ ತಮ್ಮಾ. ಈಕಿ ನನ್ನ ಮಗಳು ಕಸ್ತೂರಿ ಮಗಳು. ಸಾಲ್ಯಾಗ ಅಂಜನಾ. ಹುಟ್ಟಿದ ಕಾಗದದಾಗ...” ಅಲ್ಲಿ ಮಾತು ನಿಂತಿತು. ಹನ್ನೆರಡು ವರ್ಷದ ತುಪ್ಪ ಗಂಟಲಿಗೆ ಅಡ್ಡ ಬಂದಿತ್ತು. ಒಮ್ಮೆ ಕೆಮ್ಮಿದಳು. “ದುರಗಮ್ಮ. ನಮ್ಮ ಬೀಗತಿ ಹೆಸರು. ತುಪ್ಪ ಹಾಕೂದು ಆಕಿಗಿ ಬರ್ತಿದ್ದಿಲ್ಲ, ಹೆಸರು ಮಾತ್ರ ಚಲೋ ಐತಿ.”

“ಕೂಸು ಯಾರ ಹತ್ತಿರ ಇರ್ತದ ಅಮ್ಮಾ?”

“ಅಪ್ಪನ ಹತ್ತಿರ.”

“ಚೆನ್ನಾಗಿ ನೋಡ್ಕೋತಾನಾ?”

“ರೊಟ್ಟಿ ಹೊತ್ತಸ್ತಾನ,” ಎಂದಳು ಲಾಲಮ್ಮ. “ಆದ್ರ ಹೊತ್ತದ್ದು ತಾ ತಿಂದು, ಚಲೋದು ಕೂಸಿಗೆ ಹಾಕ್ತಾನ. ನಾ ಬೆನ್ನು ಮಾಡಿ ಕುಂತ್ರೂ ನನಗ ಗೊತ್ತಾಗ್ತೈತಿ, ಹೊತ್ತ ರೊಟ್ಟಿ ಕಡಿಯೂ ಸಪ್ಪಳಾನ ಬ್ಯಾರೆ. ಬರ್ಕೋ, ಅಪ್ಪನ ಹತ್ತಿರ ಇರ್ತಾಳ. ಎಲ್ಲಿಗೂ ಹೋಗಂಗಿಲ್ಲ.”

ಹೆಬ್ಬೆಟ್ಟು ಒತ್ತಿದಳು. ಒತ್ತಿದ ಬೆರಳನ್ನು ಕಂಬಕ್ಕೆ ಒರಸಿದಳು. ಆ ಮಸಿ ಗುರುತು ಇನ್ನೂ ಅಲ್ಲೇ ಇದೆ. ಆಮೇಲೆ ಗಂಟು ಎಳೆದುಕೊಂಡು ಒಂದೊಂದೇ ಅಂಗಿ ತೆಗೆದು ಮಡಚಿ ಮತ್ತೆ ಪೆಟ್ಟಿಗೆಯಲ್ಲಿಟ್ಟಳು. ಹಣಮೇಶ ಹೊರಗೆ ಹೋಗಿ ಆಟೋದ ಗಾಲಿಗೆ ಗಾಳಿ ಹಾಕತೊಡಗಿದ. ಗಾಳಿ ಸರಿಯಾಗಿಯೇ ಇತ್ತು. ಅವನು ಅಳುತ್ತಿದ್ದ, ಅಷ್ಟೇ.

ಉಗಾದಿ ಮುಗಿದು ಮುಂದಿನ ತಿಂಗಳು ಪಾಸ್‌ಬುಕ್ಕಿನಲ್ಲಿ ಮೊದಲ ಸಾಲು ಬಿತ್ತು. ಈಗ ಎರಡು ಸಾಲು ಇವೆ. ಅಂಜನಾ ಅದನ್ನು ತೊಗರಿ ಡಬ್ಬಿಯಲ್ಲಿ ಇಡುತ್ತಾಳೆ, ಬೇಳೆಯ ಕೆಳಗಲ್ಲ, ಮೇಲೆ. ಓದಲು ಬರದ ಲಾಲಮ್ಮ ಆ ಎರಡು ಸಾಲಿನ ಮೇಲೆ ಬೆರಳಾಡಿಸಿ, ತಾರೀಖು ಯಾವುದು, ರೊಕ್ಕ ಯಾವುದು ಎಂದು ಮೊಮ್ಮಗಳಿಂದ ತಿಂಗಳಿಗೆ ನಾಲ್ಕು ಸಲ ಕೇಳಿ ತಿಳಿದುಕೊಳ್ಳುತ್ತಾಳೆ.

ಹಾಗಾದರೆ ಕಡೇಚೂರಿಗೆ ಯಾವಾಗ ಎಂದು ಅವಳನ್ನು ಕೇಳಿದ್ದಾಯಿತು. ಪೇಪರಿನವರಿಗೆ ಮುಖ ಕೊಟ್ಟು ಮಾತಾಡಲು ಅವಳಿಗೆ ಅಡ್ಡಿಯಿಲ್ಲ. “ರೊಕ್ಕದ್ದು ಮುಗೀತು. ಕೂಸು ಇಲ್ಲೇ ಇರ್ತಾಳ, ಅದೂ ಮುಗೀತು. ಇನ್ನ ರೊಟ್ಟಿದೊಂದು ಐತಿ. ಇಂವನ ಒಂದು ರೊಟ್ಟಿ ಉಬ್ಬಲಿ, ಮರುದಿನಾ ಗಾಡಿ ಹತ್ತತೀನಿ. ನನಗೇನು ಇಲ್ಲಿ ಕುಂತು ಉಣ್ಣೂ ಚಟ ಐತೇನು? ಊರಾಗ ಎರಡು ಎಮ್ಮಿ ಅದಾವು, ಸೊಸಿ ಒಬ್ಬಾಕಿನ ಬಡಕೋತಾಳ. ಆದ್ರ ಏನ್ ಮಾಡ್ಲಿ, ಉಬ್ಬವಲ್ದು.” ಹೀಗೆ ಹೇಳುವಾಗ ಅವಳ ಮುಖದಲ್ಲಿ ಚಿಂತೆ ಅಷ್ಟೇನೂ ಕಾಣಲಿಲ್ಲ.

ಹಣಮೇಶನಿಗೆ ಏನಾದರೂ ಆಸೆ ಇದೆಯೇ ಎಂದು ಕೇಳಿದರೆ, ಆಟೋಕ್ಕೆ ಹೊಸ ಗಾಲಿ ಎನ್ನುತ್ತಾನೆ, ಮಲ್ಲೇಶ್ವರಿಯ ಅರ್ಜಿ ಮಂಜೂರಾಗಲಿ ಎನ್ನುತ್ತಾನೆ. ಆಮೇಲೆ ಒಳಗೆ ಕಣ್ಣು ಹಾಯಿಸಿ, ಅತ್ತೆಯ ಬೆನ್ನು ಎಂದಿನಂತೆ ಕಂಬದ ಮುಂದಿದೆ ಎಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸುತ್ತಾನೆ.

“ರೊಟ್ಟಿ ಉಬ್ತಾವ್ರಿ. ಹದಿನೈದು ದಿನಾ ಆತು, ಒಂದು ಬಿಡ್ದಂಗ ಪುರಿ ಉಬ್ಬಿದಂಗ ಉಬ್ತಾವು. ಉಬ್ಬಾಕ ಹತ್ತಿದ ಕೂಡ್ಲೆ ಉಗುರಿಲೆ ಒಂದು ತೂತು ಹಾಕಿಬಿಡ್ತೀನಿ. ಆಕಿ ಈ ಕಡಿ ನೋಡಂಗಿಲ್ಲಲ್ಲ, ನಡೀತೈತಿ. ಹೋಗಿಬಿಟ್ರ ಮನಿ ಭಣಭಣಾ ಅಂತೈತ್ರಿ. ಕಂಬದ ಜೋಡಿ ನಾ ಒಬ್ಬನ ಏನ್ ಮಾತಾಡ್ಲಿ?” ಹೇಳಿದ ಮೇಲೆ ಗಾಬರಿಯಾಗುತ್ತಾನೆ. “ಇದನ್ನ ಪೇಪರಿನ್ಯಾಗ ಬರೀಬ್ಯಾಡ್ರಿ ಮತ್ತ. ಈ ಹುಡುಗಿ ಆಯಿಗೆ ಎಲ್ಲಾ ಓದಿ ಹೇಳ್ತಾಳ.”

ಒಲೆಯ ಎದುರು ಕೂತಿದ್ದ ಅಂಜನಾ ಗಣಿತದ ಪುಸ್ತಕದಿಂದ ತಲೆ ಎತ್ತುವುದಿಲ್ಲ.

“ಬರೀಲಿ ತಗೋ ಅಪ್ಪಾ,” ಎನ್ನುತ್ತಾಳೆ. “ಅದೊಂದು ಸಾಲು ಬಿಟ್ಟು ಓದ್ತೀನಿ.”